ಆಟವೇ ಅಪ್ಪನನ್ನು ತಿಂತು ಅಂತಾರೆ ಅಮ್ಮ

ಪ್ರಶ್ನೆ: ನನಗೆ 24 ವರ್ಷ, ಕೆಲಸದಲ್ಲಿದ್ದೇನೆ. ತಮ್ಮನಿಗೆ 15. ಐದು ತಿಂಗಳ ಹಿಂದೆ ಬೆಳಿಗ್ಗೆ ಶಟಲ್ ಆಡಲು ಹೋದ ಅಪ್ಪ ಕೋರ್ಟಿನಲ್ಲೇ ಕುಸಿದು ಬಿದ್ದರು. ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹಾರ್ಟ್ ಅಟ್ಯಾಕ್ ಇರಬೇಕು ಅಂದರು. ಪೋಸ್ಟ್‌ಮಾರ್ಟಂ ಮಾಡಿಸಲಿಲ್ಲ. ಅವರಿಗೆ ಬರೀ 52 ವರ್ಷ. ಹುಷಾರಿಲ್ಲ ಅಂತ ಮಲಗಿದ್ದನ್ನೇ ನಾವು ನೋಡಿಲ್ಲ. ನಾನು ಶಾಲೆಯಲ್ಲಿ ಓಟಕ್ಕೆ ನಿಂತರೆ ರಜೆ ಹಾಕಿ ಬಂದು, ಟ್ರ್ಯಾಕಿನ ಪಕ್ಕದಲ್ಲಿ ನನ್ನ ಜೊತೆಗೇ ಓಡುತ್ತಿದ್ದರು. ಎಷ್ಟು ಹೊತ್ತಾದರೂ ಅಪ್ಪ, ನಾನು, ತಮ್ಮ ಮೂವರೂ ಕೂತು ಮ್ಯಾಚ್ ನೋಡುತ್ತಿದ್ದೆವು.

ಈಗ ಮನೆಯಲ್ಲಿ ಮ್ಯಾಚ್ ಹಾಕುವಂತಿಲ್ಲ. ‘ಆಟವೇ ಅವರನ್ನು ತಿಂತು’ ಅಂತಾರೆ ಅಮ್ಮ. ತಮ್ಮನ ಬ್ಯಾಟನ್ನು ಅಟ್ಟಕ್ಕೆ ಹಾಕಿದ್ದಾರೆ. ಅಪ್ಪನ ಬ್ಯಾಟ್ ಮಾತ್ರ ಬಾಗಿಲ ಹಿಂದೆ ಹಾಗೇ ನೇತಾಡುತ್ತಿದೆ. ನಾನು ರಾತ್ರಿ ಹೊದಿಕೆಯೊಳಗೆ ಮೊಬೈಲಿನಲ್ಲಿ ಕದ್ದು ನೋಡುತ್ತೇನೆ. ಮೊನ್ನೆ ಕೊನೆಯ ಓವರಿನಲ್ಲಿ ನಮ್ಮವರು ಗೆದ್ದಾಗ ಖುಷಿಯಿಂದ ಕೂಗುವುದರಲ್ಲಿದ್ದೆ. ಆಮೇಲೆ ನನ್ನ ಮೇಲೆ ನನಗೇ ಅಸಹ್ಯವಾಯಿತು. ಅಪ್ಪನ ಜೊತೆ ಆಡುತ್ತಿದ್ದವರು ವರ್ಷ ತುಂಬುವ ಹೊತ್ತಿಗೆ ಅವರ ಹೆಸರಲ್ಲಿ ಟೂರ್ನಮೆಂಟ್ ಮಾಡುತ್ತಾರಂತೆ. ತಮ್ಮ ಆಡಬೇಕಂತೆ, ನಾನು ಮಾತಾಡಬೇಕಂತೆ. ಕೇಳಿದ ತಕ್ಷಣ ಅಮ್ಮ ಎದ್ದು ಒಳಗೆ ಹೋದರು. ‘ಸಚಿನ್ ಅಪ್ಪನನ್ನು ಕಳಕೊಂಡು ಬಂದು ಸೆಂಚುರಿ ಹೊಡೀಲಿಲ್ವಾ, ನೀವೂ ಗಟ್ಟಿಯಾಗಿ’ ಅಂತಾರೆ ನೆಂಟರು. ಇನ್ನೊಂದು ವಿಷಯ ಯಾರಿಗೂ ಹೇಳಿಲ್ಲ. ಹೋಗುವುದಕ್ಕೆ ಎರಡು ದಿನ ಮುಂಚೆ ಅಪ್ಪ ಭುಜ ನೋವು ಅಂದಿದ್ದರು. ಮುಲಾಮು ಹಚ್ಚಿಕೊಳ್ಳಿ ಅಂದುಬಿಟ್ಟೆ. ಈಗ ನಾನು ಅಪ್ಪನನ್ನು ನೆನೆಯಲಾ, ಅಮ್ಮನ ಮಾತು ಕೇಳಲಾ?

ಉತ್ತರ: ನಿಮ್ಮ ಪತ್ರದಲ್ಲಿ ಒಂದು ಸಾಲು ನನ್ನನ್ನು ಹಿಡಿದು ನಿಲ್ಲಿಸಿತು. ಅಮ್ಮ ತಮ್ಮನ ಬ್ಯಾಟನ್ನು ಅಟ್ಟಕ್ಕೆ ಹಾಕಿದರು, ಅಪ್ಪನ ಬ್ಯಾಟನ್ನು ಮುಟ್ಟಿಲ್ಲ. ಆಟದ ಮೇಲೇ ಸಿಟ್ಟಿದ್ದರೆ ಮೊದಲು ಹೋಗಬೇಕಾಗಿದ್ದು ಬಾಗಿಲ ಹಿಂದಿನದ್ದು. ಅದು ಅಲ್ಲೇ ಇದೆ. ಅಂದರೆ ಅಮ್ಮನಿಗೆ ಗಂಡನ ನೆನಪು ಬೇಡವಾಗಿಲ್ಲ. ಮಗನೂ ಒಂದು ದಿನ ಹೀಗೇ ಆಡಲು ಹೋಗಿ ವಾಪಸು ಬರದಿದ್ದರೆ ಅನ್ನೋ ಭಯ ಅವರಿಗೆ. ಅದನ್ನು ಬಾಯಿಬಿಟ್ಟು ಹೇಳುವುದೇ ಅಪಶಕುನ ಅಂತ ಅವರಿಗೆ ಅನ್ನಿಸಿರಬಹುದು. ಅದಕ್ಕೇ ಆಟವನ್ನು ಬೈಯುತ್ತಿದ್ದಾರೆ.

ನಾನು ಅಂದುಕೊಂಡಿದ್ದು ಸರಿಯಾಗಿದ್ದರೆ, ಅಪ್ಪನಾ ಅಮ್ಮನಾ ಅನ್ನುವ ನಿಮ್ಮ ಪ್ರಶ್ನೆಯೇ ಬೇರೆ ಆಗುತ್ತದೆ. ಮೊದಲು ಆಗಬೇಕಾದ್ದು ಟೂರ್ನಮೆಂಟಿನ ತೀರ್ಮಾನ ಅಲ್ಲ. ನೀವು ಮೂವರೂ ಒಬ್ಬ ಹೃದಯ ತಜ್ಞರ ಮುಂದೆ ಕೂರಬೇಕು.

ಇದು ಬರೀ ಅಮ್ಮನ ಸಮಾಧಾನಕ್ಕೆ ಹೇಳುತ್ತಿರುವ ಮಾತಲ್ಲ. ತಂದೆಗೋ ಅಣ್ಣತಮ್ಮಂದಿರಿಗೋ 55ಕ್ಕೆ ಮೊದಲೇ, ತಾಯಿಗೋ ಅಕ್ಕತಂಗಿಯರಿಗೋ 65ಕ್ಕೆ ಮೊದಲೇ ಹೃದಯದ ಕಾಯಿಲೆ ಬಂದಿದ್ದರೆ, ಮಕ್ಕಳಿಗೂ ಒಡಹುಟ್ಟಿದವರಿಗೂ ಅಪಾಯ ಜಾಸ್ತಿ ಅಂತ ಡಾಕ್ಟರುಗಳು ಲೆಕ್ಕ ಹಾಕುತ್ತಾರೆ. ನಿಮ್ಮ ತಂದೆಗೆ 52. ಹಾಗಾಗಿ ನೀವೂ ತಮ್ಮನೂ ತೋರಿಸಿಕೊಳ್ಳಲೇಬೇಕು. ನಿಮ್ಮ ಅಪ್ಪನ ಒಡಹುಟ್ಟಿದವರಿಗೂ ಈ ಮಾತು ತಲುಪಿಸಿ. ಬಿಪಿ, ಶುಗರ್, ಕೊಲೆಸ್ಟ್ರಾಲ್ ಇದ್ದೇ ಇದೆ. ಅದರ ಜೊತೆಗೆ ‘ಆಡುತ್ತಿರುವಾಗಲೇ ಕುಸಿದರು, ಪೋಸ್ಟ್‌ಮಾರ್ಟಂ ಆಗಿಲ್ಲ’ ಅಂತ ಬಿಡಿಸಿ ಹೇಳಿ. ಹೃದಯದ ರಕ್ತನಾಳ ಕಟ್ಟಿಕೊಂಡರೆ ಅದು ಹಾರ್ಟ್ ಅಟ್ಯಾಕ್. ಹೃದಯದ ಬಡಿತವೇ ದಿಕ್ಕೆಟ್ಟು ಪಂಪ್ ಮಾಡುವುದು ನಿಂತರೆ ಅದು ಕಾರ್ಡಿಯಾಕ್ ಅರೆಸ್ಟ್. ಮೊದಲನೆಯದು ಎರಡನೆಯದಕ್ಕೆ ಕಾರಣ ಆಗಬಹುದು. ಮನೆತನದಲ್ಲೇ ಬರುವ ಬೇರೆ ತೊಂದರೆಗಳಿಂದಲೂ ಎರಡನೆಯದು ಆಗಬಹುದು. 50 ದಾಟಿದವರಲ್ಲಿ ಹೆಚ್ಚಾಗಿ ರಕ್ತನಾಳದ ಬ್ಲಾಕೇ ಕಾರಣ. ಆದರೂ ತಮ್ಮನಿಗೆ ಇಸಿಜಿ, ಎಕೋ ಬೇಕಾ ಅಂತ ನೀವಾಗಿಯೇ ಕೇಳಿ. ಹಳೆಯ ಪರೀಕ್ಷೆಯ ಚೀಟಿ ಏನಾದರೂ ಇದ್ದರೆ ಒಯ್ಯಿರಿ.

ಅಮ್ಮನನ್ನು ಹೊರಗಿನ ಬೆಂಚಿನಲ್ಲಿ ಕೂರಿಸಬೇಡಿ, ಒಳಗೆ ಕರೆದುಕೊಂಡು ಹೋಗಿ. ‘ಇವನು ಆಡಬಹುದಾ?’ ಅನ್ನುವ ಪ್ರಶ್ನೆಯನ್ನು ಅವರ ಬಾಯಿಂದಲೇ ಕೇಳಿಸಿ. ಉತ್ತರ ಅವರ ಕಿವಿಗೇ ಬೀಳಲಿ. ಡಾಕ್ಟರು ಆಡಬಹುದು ಅಂದರೆ ಆ ಬ್ಯಾಟ್ ಅಟ್ಟದಿಂದ ಇಳಿಯುವ ದಾರಿ ಸಿಗುತ್ತದೆ. ಸದ್ಯಕ್ಕೆ ಬೇಡ ಅಂದರೆ, ಅಮ್ಮನ ಭಯಕ್ಕೆ ಅರ್ಥ ಇತ್ತು ಅಂತಾಯಿತು.

ಆಟ ಅವರನ್ನು ತಿಂದಿತಾ ಅನ್ನುವುದಕ್ಕೂ ಉತ್ತರ ಇದೆ. ಅಮೆರಿಕದಲ್ಲಿ ಸಾಮಾನ್ಯ ಜನರಿಗೆ ಓಟದ ಹುಚ್ಚು ಹಿಡಿಸಿದವರಲ್ಲಿ ಜಿಮ್ ಫಿಕ್ಸ್ ಒಬ್ಬರು. 1984ರ ಜುಲೈನಲ್ಲಿ ಓಡುತ್ತಲೇ ಕುಸಿದು ತೀರಿಕೊಂಡರು. ಅವರಿಗೂ 52 ವರ್ಷ. ಓಟವೇ ಕೊಂದಿತು ಅಂತ ಜನ ಆಡಿಕೊಂಡರು. ಪೋಸ್ಟ್‌ಮಾರ್ಟಂನಲ್ಲಿ ಕಂಡಿದ್ದು ಕಟ್ಟಿಕೊಂಡ ರಕ್ತನಾಳಗಳು. ಅವರ ತಂದೆಯೂ 43ಕ್ಕೇ ಹೃದಯದ ಕಾಯಿಲೆಯಿಂದ ಹೋಗಿದ್ದರು. ಫಿಕ್ಸ್ ಕೂಡ 35ರವರೆಗೆ ಸಿಗರೇಟು ಸೇದುತ್ತಾ, ಮೈ ಬೆಳೆಸಿಕೊಂಡು ಇದ್ದವರೇ. ಓಟ ಶುರು ಮಾಡದಿದ್ದರೆ ಇನ್ನೂ ಮೊದಲೇ ಹೋಗುತ್ತಿದ್ದರೋ ಏನೋ, ಯಾರಿಗೆ ಗೊತ್ತು. ಅದೇ ವರ್ಷ ಸಿಯಾಟಲ್ ನಗರದ ಒಂದು ಅಧ್ಯಯನ ಪ್ರಕಟವಾಯಿತು. ಜೋರಾಗಿ ಮೈ ದಂಡಿಸುವ ಆ ಸ್ವಲ್ಪ ಹೊತ್ತಿನಲ್ಲಿ ಹೃದಯ ನಿಲ್ಲುವ ಅಪಾಯ ಏರುವುದು ನಿಜ. ಆದರೆ ಒಟ್ಟು ಲೆಕ್ಕದಲ್ಲಿ, ರೂಢಿಯಿಂದ ವ್ಯಾಯಾಮ ಮಾಡುವವರಿಗೆ ಸುಮ್ನೆ ಕೂತವರಿಗಿಂತ ಅಪಾಯ ಕಡಿಮೆ. ಆ ಅಧ್ಯಯನದಲ್ಲಿ ಕಂಡಿದ್ದು ಇದೇ.

ಇದನ್ನು ಅಮ್ಮನ ಮುಂದೆ ವಾದಕ್ಕೆ ತರಬೇಡಿ. ದುಃಖದಲ್ಲಿ ಇರುವವರ ಹತ್ತಿರ ವಾದ ಗೆದ್ದು ಏನು ಮಾಡ್ತೀರಿ? ಇದು ನಿಮಗೆ ಗೊತ್ತಿರಲಿ ಅಂತ ಹೇಳಿದೆ, ಅಷ್ಟೇ. ಅಮ್ಮನಿಗೆ ಆಟದ ಮೇಲೆ ಹಳೆಯ ಸಿಟ್ಟೂ ಒಂದಿಷ್ಟು ಇರಬಹುದು. ಆಟದ ಹುಚ್ಚಿರುವವರನ್ನು ಕಟ್ಟಿಕೊಂಡವರನ್ನು ಕೇಳಿ ನೋಡಿ, ಎಷ್ಟು ಭಾನುವಾರಗಳು ಕೋರ್ಟಿಗೂ ಟಿವಿಗೂ ಹೋಗಿರುತ್ತವೆ ಅಂತ. ನೀವು ಮೂವರು ಮ್ಯಾಚ್ ನೋಡುತ್ತಿದ್ದೆವು ಅಂತ ಬರೆದಿದ್ದೀರಿ. ಮನೆಯಲ್ಲಿ ಇದ್ದದ್ದು ನಾಲ್ವರು ಅಲ್ವಾ?

ಅದಕ್ಕೇ ಅಮ್ಮನ ಜೊತೆ ಅಪ್ಪನ ಬಗ್ಗೆ ಮಾತು ತೆಗೆಯುವಾಗ ಆಟದಿಂದ ಶುರು ಮಾಡಬೇಡಿ. ಆಟ ನಿಮ್ಮ ಮತ್ತು ಅಪ್ಪನ ನಡುವಿನದ್ದು. ಅವರಿಬ್ಬರ ನಡುವೆ ಬೇರೆ ಏನೋ ಇತ್ತು. ಮದುವೆಯಾದ ಹೊಸದರಲ್ಲಿ ಹೇಗಿದ್ದರು, ಯಾವುದಕ್ಕೆ ಜಗಳ ಆಡುತ್ತಿದ್ದರು, ಯಾವ ವಿಷಯದಲ್ಲಿ ಸುಳ್ಳು ಹೇಳಿ ಸಿಕ್ಕಿಬೀಳುತ್ತಿದ್ದರು ಅಂತ ಕೇಳಿ. ಹೋದವರನ್ನು ದೇವರ ಫೋಟೋದ ಪಕ್ಕಕ್ಕೆ ಏರಿಸಿಬಿಟ್ಟರೆ ಅವರ ಬಗ್ಗೆ ಮಾತಾಡುವುದೇ ಕಷ್ಟವಾಗುತ್ತದೆ. ಮ್ಯಾಚ್ ಸೋತ ದಿನ ನಿಮ್ಮಪ್ಪ ಮುಖ ಊದಿಸಿಕೊಂಡು ಕೂರುತ್ತಿದ್ದರೆ, ಅದನ್ನೂ ನೆನಪು ಮಾಡಿಕೊಂಡು ನಗಿ. ನೀವು ನಕ್ಕ ಮಾತ್ರಕ್ಕೆ ಅವರು ಚಿಕ್ಕವರಾಗುವುದಿಲ್ಲ.

ನಗುವಿನ ಮಾತು ಬಂತಲ್ಲ, ಆ ಕೊನೆಯ ಓವರಿಗೆ ಬರುತ್ತೇನೆ. ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶುಟ್ ಎಂಬ ಸಂಶೋಧಕರು ಸಾವಿನ ದುಃಖದ ಬಗ್ಗೆ 1999ರಲ್ಲಿ ಒಂದು ವಿಚಾರ ಮುಂದಿಟ್ಟರು. ದುಃಖ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದಿಲ್ಲ. ಸ್ವಲ್ಪ ಹೊತ್ತು ಹೋದವರ ಕಡೆ ವಾಲುತ್ತೇವೆ, ಸ್ವಲ್ಪ ಹೊತ್ತು ಬದುಕಿನ ಕಡೆ. ಹೀಗೆ ಆ ಕಡೆ ಈ ಕಡೆ ಓಡಾಡುತ್ತಲೇ ಮನಸ್ಸು ಅದನ್ನು ತಾಳಿಕೊಳ್ಳುತ್ತದೆ. ನಿಮಗೆ ಖುಷಿಯಾಗಿದ್ದು ಅಪ್ಪನನ್ನು ಮರೆತು ಅಲ್ಲ. ಆ ಖುಷಿಯನ್ನು ಕಲಿಸಿದವರೇ ಅವರು. ಹೊದಿಕೆಯೊಳಗೆ ನೋಡುವುದನ್ನು ಮಾತ್ರ ಬಿಡಿ. ಕದ್ದು ಮಾಡಿದ್ದೆಲ್ಲ ತಪ್ಪು ಅಂತಲೇ ಅನ್ನಿಸತೊಡಗುತ್ತದೆ. ‘ಅಮ್ಮಾ, ನನಗೆ ಮ್ಯಾಚ್ ನೋಡದೆ ಇರಕ್ಕಾಗ್ತಿಲ್ಲ, ರೂಮಲ್ಲಿ ಇಯರ್‌ಫೋನ್ ಹಾಕ್ಕೊಂಡು ನೋಡ್ತೀನಿ’ ಅಂತ ಹೇಳಿಬಿಡಿ. ಬೈದರೆ ಬೈಸಿಕೊಳ್ಳಿ. ಹಾಲ್‌ನ ಟಿವಿ ಸದ್ಯಕ್ಕೆ ಅಮ್ಮನ ಪಾಲಿಗೆ ಇರಲಿ.

ಭುಜದ ನೋವಿನ ವಿಷಯ. ಹೃದಯದ ನೋವು ಕೆಲವೊಮ್ಮೆ ಭುಜ, ತೋಳು, ದವಡೆ, ಬೆನ್ನಿನಲ್ಲಿ ಕಾಣಿಸಿಕೊಳ್ಳುತ್ತದೆ ಅನ್ನುವುದು ನಿಜ. ನಿಜ ಅಲ್ಲ ಅಂದರೆ ನೀವು ನಂಬುವುದೂ ಇಲ್ಲ. ಆದರೆ ದಿನಾ ಶಟಲ್ ಆಡುವ ಮನುಷ್ಯ ಭುಜ ನೋವು ಅಂದರೆ ಯಾರು ತಾನೆ ಹೃದಯ ಅಂದುಕೊಳ್ಳುತ್ತಾರೆ? ಅವರೇ ಅಂದುಕೊಳ್ಳಲಿಲ್ಲ, ಮತ್ತೆ ಆಡಲು ಹೋದರು. ಅದು ಹೃದಯದ್ದೇ ನೋವು ಅಂತಲೂ ಯಾರಿಗೂ ಗೊತ್ತಿಲ್ಲ. ಇದನ್ನು ಒಬ್ಬರೇ ಹೊತ್ತುಕೊಂಡು ತಿರುಗಬೇಡಿ. ಡಾಕ್ಟರ ಹತ್ತಿರ ಹೋದಾಗ ಇದನ್ನೂ ಹೇಳಿ. ಅವರಿಗೆ ಬೇಕಾದ ಮಾಹಿತಿ ಅದು, ಅಮ್ಮನೂ ಆಗ ಪಕ್ಕದಲ್ಲೇ ಇರುತ್ತಾರೆ. ಅಮ್ಮನ ಹತ್ತಿರವೂ ಇಂಥದ್ದೇ ಒಂದು ಮಾತು ಇದ್ದರೆ ನನಗೆ ಆಶ್ಚರ್ಯವಿಲ್ಲ.

ಇನ್ನು ನೆಂಟರ ಸಚಿನ್. 1999ರ ವಿಶ್ವಕಪ್ ನಡೆಯುತ್ತಿರುವಾಗ ಅವರ ತಂದೆ ತೀರಿಕೊಂಡರು. ಮುಂಬೈಗೆ ಹೋಗಿ ಬಂದು, ಮೇ 23ರಂದು ಬ್ರಿಸ್ಟಲ್‌ನಲ್ಲಿ ಕೀನ್ಯಾ ವಿರುದ್ಧ ಅಜೇಯ 140 ಹೊಡೆದು ಆಕಾಶ ನೋಡಿದರು. ಇದು ಎಲ್ಲರ ಬಾಯಲ್ಲೂ ಇದೆ. ನಡುವೆ ಜಿಂಬಾಬ್ವೆ ವಿರುದ್ಧ ಒಂದು ಮ್ಯಾಚ್ ಇತ್ತು. ಅದನ್ನು ಸಚಿನ್ ಆಡಲಿಲ್ಲ. ಭಾರತ 3 ರನ್ನಿನಿಂದ ಸೋತಿತು. ವಿಶ್ವಕಪ್ಪಿನ ಮ್ಯಾಚನ್ನೇ ಬಿಟ್ಟು ಮನೆಗೆ ಹೋಗಿದ್ದು ಯಾವ ನೆಂಟರಿಗೂ ನೆನಪಾಗುವುದಿಲ್ಲ ನೋಡಿ! ಇನ್ನೊಬ್ಬರ ಸೆಂಚುರಿಯಿಂದ ನಿಮ್ಮ ಮನೆಯ ದುಃಖವನ್ನು ಅಳೆಯುವವರಿಗೆ ಉತ್ತರ ಕೊಡುವ ಗೋಜಿಗೇ ಹೋಗಬೇಡಿ.

ನನಗೆ ನಿಜವಾಗಿ ಚಿಂತೆ ಇರುವುದು ತಮ್ಮನದ್ದು. ಇಡೀ ಪತ್ರದಲ್ಲಿ ಅವನ ಒಂದು ಮಾತೂ ಇಲ್ಲ. ಅಪ್ಪ ಹೋದರು, ಆಟ ಹೋಯಿತು, ಮ್ಯಾಚ್ ನೋಡುವ ರಾತ್ರಿಗಳೂ ಹೋದವು. 15ರ ಹುಡುಗನಿಗೆ ಇದು ಸಣ್ಣ ನಷ್ಟವಲ್ಲ. ಅವನನ್ನು ಎದುರಿಗೆ ಕೂರಿಸಿಕೊಂಡು ‘ಏನನ್ನಿಸ್ತಿದೆ ಹೇಳೋ’ ಅಂದರೆ ಏನಿಲ್ಲ ಅಂತಾನೆ. ಜೊತೆಯಲ್ಲಿ ನಡೆದುಕೊಂಡು ಹೋಗುವಾಗ, ಏನಾದರೂ ಕೆಲಸ ಮಾಡುವಾಗ ನೀವೇ ಅಪ್ಪನ ಮಾತು ತೆಗೆಯಿರಿ. ಅವನು ಸುಮ್ಮನಿದ್ದರೆ ಸುಮ್ಮನಿರಲಿ. ನೀನೇ ಈಗ ಮನೆಗೆ ಗಂಡು ದಿಕ್ಕು, ಅಪ್ಪನ ಹಾಗೆ ಆಡಬೇಕು ಅಂತ ಯಾರಾದರೂ ಶುರು ಮಾಡಿದರೆ ನೀವು ಅಡ್ಡ ನಿಲ್ಲಿ. ಟೂರ್ನಮೆಂಟ್ ನಡೆದರೂ ಅವನು ಆಡುವುದು ಅವನಿಗೆ ಮನಸ್ಸಾದರೆ ಮಾತ್ರ.

ಐದು ತಿಂಗಳು ಜಾಸ್ತಿ ಸಮಯವೇನಲ್ಲ, ಅದರಲ್ಲೂ ಹೀಗೆ ಏಕಾಏಕಿ ಹೋದಾಗ. ದೊಡ್ಡವರಲ್ಲಿ ತೀವ್ರ ದುಃಖ ಒಂದು ವರ್ಷ ದಾಟಿಯೂ ದಿನದ ಬದುಕನ್ನು ಕಟ್ಟಿಹಾಕಿದ್ದರೆ ಮಾತ್ರ ಅಮೆರಿಕದ ಮನೋವೈದ್ಯರ ಕೈಪಿಡಿ ಅದನ್ನು ಕಾಯಿಲೆ ಅನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಕನಿಷ್ಠ ಆರು ತಿಂಗಳು. ಆದರೆ ಅಮ್ಮನಾಗಲಿ ತಮ್ಮನಾಗಲಿ ನೀವಾಗಲಿ ಊಟ, ನಿದ್ದೆ ಪೂರ್ತಿ ಬಿಟ್ಟರೆ, ಬದುಕಿ ಏನು ಪ್ರಯೋಜನ ಅನ್ನುವ ಮಾತು ಬಂದರೆ ತಿಂಗಳು ಎಣಿಸುತ್ತಾ ಕೂರಬೇಡಿ. ಆ ದಿನವೇ ಡಾಕ್ಟರ ಹತ್ತಿರ ಹೋಗಿ.

ಒಂದು ಸಣ್ಣ ಕೆಲಸವನ್ನು ಈ ವಾರವೇ ಮಾಡಿ. ಅಪ್ಪನ ಮೊಬೈಲಿನಲ್ಲಿರುವ ಫೋಟೋ, ವಿಡಿಯೋ, ವಾಯ್ಸ್ ಮೆಸೇಜ್ ಎಲ್ಲ ಬೇರೆ ಎರಡು ಕಡೆ ಕಾಪಿ ಮಾಡಿಡಿ. ರೀಚಾರ್ಜ್ ನಿಂತು ನಂಬರ್ ಹೋದರೆ, ಫೋನ್ ಕೆಟ್ಟರೆ ಆಮೇಲೆ ಸಿಗುವುದಿಲ್ಲ. ಈಗಲೇ ಕೇಳಿಸಿಕೊಳ್ಳಬೇಕು ಅಂತೇನಿಲ್ಲ.

ಟೂರ್ನಮೆಂಟ್ ಕೊನೆಗೆ ಇಟ್ಟುಕೊಂಡಿದ್ದೇನೆ, ಯಾಕೆಂದರೆ ಅದಕ್ಕೆ ಅವಸರ ಇಲ್ಲ. ಅಪ್ಪನ ಸ್ನೇಹಿತರದ್ದೂ ದುಃಖವೇ. ಕಣ್ಣ ಮುಂದೆ ಬಿದ್ದವರನ್ನು ಎತ್ತಿಕೊಂಡು ಓಡಿದವರು ಅವರು. ‘ನಿಮ್ಮ ಪ್ರೀತಿ ದೊಡ್ಡದು ಅಂಕಲ್, ಆದರೆ ಅಮ್ಮನಿಗೆ ಇನ್ನೂ ಆಗುತ್ತಿಲ್ಲ. ಅವರು ಹೂಂ ಅನ್ನುವವರೆಗೆ ಅಪ್ಪನ ಹೆಸರು ಹಾಕುವುದು ಬೇಡ’ ಅಂತ ನೀವೇ ಹೋಗಿ ಹೇಳಿ. ಏನಾದರೂ ಮಾಡಲೇಬೇಕು ಅಂದರೆ ಬೇರೆ ಒಂದು ಕೆಲಸ ಒಪ್ಪಿಸಿ. ಕೋರ್ಟಿಗೆ ಬರುವವರೆಲ್ಲ ಸಿಪಿಆರ್, ಅಂದರೆ ಹೃದಯ ನಿಂತವರ ಎದೆ ಒತ್ತಿ ರಕ್ತ ಹರಿಯುವ ಹಾಗೆ ಮಾಡುವುದನ್ನು ಕಲಿಯಲಿ, ಹಣ ಕೂಡಿದರೆ ಹೃದಯಕ್ಕೆ ಶಾಕ್ ಕೊಡುವ ಎಇಡಿ ಯಂತ್ರವನ್ನು ಅಲ್ಲಿ ಇಡಲಿ. ಹೃದಯ ನಿಂತ ಮೇಲೆ ಏನೂ ಮಾಡದೆ ಕಳೆಯುವ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಸುಮಾರು ಶೇ 7ರಿಂದ 10ರಷ್ಟು ಕುಸಿಯುತ್ತದೆ. 2021ರ ಯೂರೋ ಕಪ್ ಫುಟ್‌ಬಾಲ್‌ನಲ್ಲಿ ಡೆನ್ಮಾರ್ಕಿನ ಕ್ರಿಸ್ಟಿಯನ್ ಎರಿಕ್ಸನ್ ಮೈದಾನದಲ್ಲೇ ಬಿದ್ದಾಗ ಅಲ್ಲೇ ಸಿಪಿಆರ್ ಮಾಡಿ ಶಾಕ್ ಕೊಟ್ಟರು. ಮುಂದಿನ ವರ್ಷ ಅವರು ಮತ್ತೆ ಆಡಿದರು. ಎಲ್ಲರೂ ಹಾಗೆ ಉಳಿಯುವುದಿಲ್ಲ. ನಿಮ್ಮ ತಂದೆ ಉಳಿಯುತ್ತಿದ್ದರು ಅಂತಲೂ ನಾನು ಹೇಳುತ್ತಿಲ್ಲ. ಆ ದಿನ ಅಲ್ಲಿದ್ದವರನ್ನು ದೂರುವ ಹಾಗೆ ಈ ಮಾತು ಹೋಗಬಾರದು, ಅದಕ್ಕೇ ಕೇಳುವಾಗ ಜೋಪಾನ. ಈ ಕೆಲಸಕ್ಕೆ ಕಪ್ಪೂ ಬೇಡ, ಭಾಷಣವೂ ಬೇಡ, ಅಪ್ಪನ ಹೆಸರೂ ಸದ್ಯಕ್ಕೆ ಬೇಡ. ಇದರ ಬಗ್ಗೆ ಅಮ್ಮನನ್ನು ಮೊದಲು ಕೇಳಿ, ಅಂಕಲ್‌ಗಳನ್ನು ಆಮೇಲೆ.