ಮೈಕ್ರೋಲಾಕ್ಸ್ ಬುಡದಲ್ಲಿ ತೂತು

ಪ್ರಶ್ನೆ: ನನ್ನದು ಬಿಗಿ ಗುಂಗುರು ಕೂದಲು. ಸಣ್ಣ ಮೈಕ್ರೋಲಾಕ್ಸ್ (ಕೂದಲಿನ ತೆಳು ಜಟೆಗಳು) ಹಾಕಿಸಿ 4 ತಿಂಗಳಾಯಿತು. ಕೆಲವು ಎಳೆಗಳ ಬುಡ ಸೀಳಿ ತೂತು ಬಿದ್ದಿದೆ. ಏಕೆ?
– ಓದುಗರು, ಹಳಿಯಾಳ

ಉತ್ತರ: ಹೊಸದಾಗಿ ಬೆಳೆದ ಬುಡವನ್ನು ಬಿಗಿ ಮಾಡುವಾಗ ಕೊಕ್ಕೆಯನ್ನು ಪ್ರತಿ ಸಲ ಒಂದೇ ದಿಕ್ಕಿನಿಂದ ತೂರಿಸಿದರೆ ಹೀಗಾಗುತ್ತದೆ. ಬುಡವನ್ನು ಗಡಿಯಾರದ ಮುಖ ಎಂದುಕೊಂಡು 3, 9, 6, 12ರ ಕಡೆಯಿಂದ ಸರದಿಯಂತೆ ಎಳೆಯ ತುದಿಯನ್ನು ಬುಡದೊಳಗೆ ಎಳೆಯಿರಿ. ಈಗಿನ ತೂತು ತಾನಾಗಿ ಮುಚ್ಚದು, ಆದರೆ ಸೀಳು ಮುಂದುವರಿಯದು. ಕೊಕ್ಕೆ ಸಲೀಸಾಗಿ ತೂರದಿದ್ದರೆ ಅಲ್ಲಿಗೇ ನಿಲ್ಲಿಸಿ. ಇನ್ನೊಂದು ಸುತ್ತು ಎಂದು ಬಿಗಿದರೆ ಹಣೆಯಂಚಿನ ಕೂದಲು ಉದುರುತ್ತದೆ, ಕೆಲವೊಮ್ಮೆ ಮತ್ತೆ ಬಾರದು. ದಯವಿಟ್ಟು ನೋವು ಸಹಿಸಬೇಡಿ. 4–6 ವಾರಕ್ಕೊಮ್ಮೆ ಬಿಗಿ ಮಾಡಿದರೆ ಸಾಕು.

ತೊಳೆಯುವ ಮುನ್ನ 8–10 ಎಳೆ ಸೇರಿಸಿ ಸಡಿಲ ಜಡೆ ಹೆಣೆದು ರಬ್ಬರ್‌ಬ್ಯಾಂಡ್ ಹಾಕಿ. ಕೂದಲು ಪೂರ್ತಿ ಜಟೆಗಟ್ಟುವವರೆಗೆ ಕಂಡೀಷನರ್, ಕೊಬ್ಬರಿ ಎಣ್ಣೆ ಬೇಡ. ಎಳೆ ಜಾರಿ ಬಿಚ್ಚಿಕೊಳ್ಳುತ್ತದೆ. ಒಣಗಿದ ಮೇಲೆ ಬುಡಗಳನ್ನು ಬೆರಳಿನಿಂದ ಬಿಡಿಸಿ, ಇಲ್ಲದಿದ್ದರೆ ಅಕ್ಕಪಕ್ಕದವು ಅಂಟಿಕೊಳ್ಳುತ್ತವೆ.