ಸೋಲಾರ್‌ಗೆ ಜಮೀನು: ಮಾರಬೇಡಿ, ಗುತ್ತಿಗೆಗೆ ಕೊಡಿ

ನಮಸ್ಕಾರ. ನಾಲ್ಕು ಎಕರೆ ಒಣಭೂಮಿಯನ್ನು ಸೋಲಾರ್ ಕಂಪನಿಗೆ ಮಾರಬೇಕೋ, ಗುತ್ತಿಗೆಗೆ ಕೊಡಬೇಕೋ ಅಂತ ಕೇಳಿದ್ದೀರಿ. ನಾನಾಗಿದ್ದರೆ ಮಾರುತ್ತಿರಲಿಲ್ಲ.

ಪಾವಗಡವನ್ನೇ ನೋಡಿ. ಅಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಎದ್ದಿದೆ. ರೈತರು ಜಮೀನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಮಳೆ ಕೈಕೊಟ್ಟು ಶೇಂಗಾ ಒಣಗುತ್ತಿದ್ದ ಊರುಗಳಿಗೆ ಅದು ದೊಡ್ಡ ಆಸರೆ.

ಆದರೆ ನನ್ನನ್ನು ಕಾಡುವುದು ಜಮೀನಿಲ್ಲದವರ ಪಾಡು. ದುಡ್ಡು ಬಂದದ್ದು ಪಹಣಿಯಲ್ಲಿ ಹೆಸರಿದ್ದವರಿಗೆ. ಕೂಲಿಯವರಿಗೆ ಹೊಲದ ಕೆಲಸ ಹೋಯಿತು, ಕುರಿಯವರಿಗೆ ಮೇಯಿಸುವ ಜಾಗ ಹೋಯಿತು. ಪ್ಯಾನೆಲ್ ತೊಳೆಯೋದು, ಹುಲ್ಲು ಕೀಳೋದು ಎಷ್ಟು ಜನಕ್ಕೆ ಸಾಕಾಗುತ್ತದೆ? ಇಷ್ಟು ವರ್ಷ ನಿಮ್ಮ ಹೊಲದಲ್ಲಿ ದುಡಿದವರಿಗೇ ಆ ಕೆಲಸ ಮೊದಲು ಸಿಗಲಿ ಅಂತ ಕರಾರಿನಲ್ಲೇ ಬರೆಸಿ. ಅವರೂ ನಮ್ಮವರೇ ಅಲ್ವಾ.

ಇನ್ನೊಂದು ಮಾತು. ಪ್ಯಾನೆಲ್‌ಗಳನ್ನು ಎತ್ತರಕ್ಕೆ ಕಟ್ಟಿ, ಕೆಳಗೆ ಬೆಳೆ ತೆಗೆಯುವ ಪದ್ಧತಿ ಜಪಾನಿನಲ್ಲಿ ಆಗಲೇ ಇದೆ. ಖರ್ಚು ಜಾಸ್ತಿ, ಆದರೂ ಕಂಪನಿಯವರನ್ನು ಕೇಳಿ ನೋಡಿ. ಅವಧಿ ಮುಗಿದ ಮೇಲೆ ಕಂಬ, ಕಾಂಕ್ರೀಟ್ ಕಿತ್ತು ಜಮೀನು ಹಸನು ಮಾಡಿಕೊಡುವ ಖರ್ಚು ಯಾರದ್ದು ಅನ್ನೋದೂ ಬರಹದಲ್ಲಿರಲಿ. ಸಹಿಗೆ ಮುಂಚೆ ವಕೀಲರಿಗೆ ತೋರಿಸಿ.