ಎತ್ತಿಗೂ ರಜೆ, ನನಗೆ ಯಾಕಿಲ್ಲ?

ಪ್ರಶ್ನೆ: ದೀಪಾವಳಿಗೆ ಊರಿಂದ ಅತ್ತೆ, ಮಾವ, ನಾದಿನಿ, ಅವರ ಮಕ್ಕಳು ಎಲ್ಲ ಬರುತ್ತಾರೆ. ನನಗೆ ಆಫೀಸೂ ಇದೆ, ಮೂರು ದಿನದ ಅಡುಗೆಯೂ ಇದೆ. "ದೇವರು ಇಷ್ಟೆಲ್ಲ ಕೊಟ್ಟಿದ್ದಾನೆ, ನಗುನಗ್ತಾ ಮಾಡು" ಅಂತಾರೆ ಮನೆಯವರು. ನನಗೋ ಬರೀ ಸಿಡಿಮಿಡಿ. ಉಪಕಾರ ನೆನೆಯದವಳಾ ನಾನು?
– ಹೆಸರು ಬೇಡ, ಬೆಂಗಳೂರು

ಉತ್ತರ: ಅಲ್ಲಮ್ಮ, ಸುಸ್ತಾಗಿದೆ ಅಷ್ಟೇ. ನಗುನಗ್ತಾ ಮಾಡು ಅನ್ನುವವರು ಸಾಮಾನ್ಯವಾಗಿ ಸೋಫಾ ಮೇಲೆ ಕೂತಿರುತ್ತಾರೆ, ಗಮನಿಸಿದ್ದೀರಾ?

ನಮ್ಮ ಹಬ್ಬಗಳಲ್ಲಿ ಉಪಕಾರ ನೆನೆಯುವುದು ಬಾಯಿಮಾತಲ್ಲ, ಕೈಕೆಲಸ. ನೀರು ತುಂಬುವ ಹಬ್ಬದ ಸಂಜೆ ಹಂಡೆ ಉಜ್ಜಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಹೊಸ ನೀರು ತುಂಬಿ ಪೂಜೆ ಮಾಡುತ್ತಾರಲ್ಲ, ವರ್ಷವಿಡೀ ಬೆಂಕಿ ಮೇಲೆ ಕೂತು ನೀರು ಕಾಯಿಸಿಕೊಟ್ಟ ಹಂಡೆಗೆ ಅದು ಸಲ್ಲಬೇಕಾದ ಮರ್ಯಾದೆ. ಬಲಿಪಾಡ್ಯಮಿಗೆ ಮಲೆನಾಡಿನಲ್ಲಿ ದನಕರುಗಳ ಮೈ ತೊಳೆದು ಹಾರ ಹಾಕುತ್ತಾರೆ, ಎತ್ತಿಗೆ ಅವತ್ತು ನೊಗ ಇಲ್ಲ. ಆಯುಧಪೂಜೆಗೆ ಹೊಲಿಗೆ ಮಿಷನ್ನಿಗೂ ಕುಂಕುಮ ಇಟ್ಟು ಸುಮ್ನೆ ಕೂರಿಸುತ್ತೇವೆ. ಎತ್ತಿಗೂ ಮಿಷನ್ನಿಗೂ ರಜೆ, ಅಡುಗೆಮನೆಯವಳಿಗೆ ಮಾತ್ರ ಅವತ್ತೇ ಡಬಲ್ ಡ್ಯೂಟಿ! ಸಿಟ್ಟು ಬರದೆ ಇನ್ನೇನಾಗುತ್ತೆ?

ಹಾಗಾಗಿ ಮೊದಲು ಕೆಲಸ ಹಂಚಿ. ಬಚ್ಚಲು ತೊಳೆದು ನೀರು ತುಂಬುವುದು ಯಜಮಾನರಿಗೆ. ಹಣತೆ, ಬತ್ತಿ ಮಕ್ಕಳಿಗೆ, ಎಣ್ಣೆ ಚೆಲ್ಲಿದರೆ ಚೆಲ್ಲಲಿ. ಮನೆಯಲ್ಲಿ ಒಂದೇ ಸಿಹಿ, ಉಳಿದದ್ದು ಅಂಗಡಿಯಿಂದ ಬರಲಿ. ಹೋಳಿಗೆಗೆ ಕಣಕ ಕಲಸಿಕೊಡಿ ಅಂತ ಅತ್ತೆಯನ್ನೇ ಕೇಳಿ. ಎಷ್ಟೋ ಅತ್ತೆಯಂದಿರಿಗೆ ಸೊಸೆ ತಮ್ಮನ್ನು ಒಲೆ ಹತ್ತಿರ ಕರೆಯಲ್ಲ ಅನ್ನೋದೇ ಬೇಜಾರು.

ಇಷ್ಟಾದರೆ ಉಸಿರಾಡಲು ಜಾಗ ಸಿಗುತ್ತೆ, ಆಗ ಯಾರ್ಯಾರು ನಮಗಾಗಿ ದುಡಿದರು ಅನ್ನೋದು ತಾನಾಗೇ ಕಣ್ಣಿಗೆ ಬೀಳುತ್ತೆ. ಪಾತ್ರೆ ತೊಳೆಯಲು ಬರುವಾಕೆಗೆ ಹಬ್ಬದ ದಿನ ರಜೆ ಕೊಡಿ. ಇನಾಮು ನಾಲ್ಕು ದಿನ ಮೊದಲೇ ಕೊಡಿ, ಅವಳ ಮನೆಗೂ ಎಣ್ಣೆ ಬೆಲ್ಲ ಬರಬೇಕಲ್ವಾ? ಮಿಕ್ಕ ಚಿತ್ರಾನ್ನವನ್ನು ಮಾರನೇ ದಿನ ಕಟ್ಟಿಕೊಡುವುದನ್ನು ದಯವಿಟ್ಟು ಈ ಲೆಕ್ಕಕ್ಕೆ ಸೇರಿಸಬೇಡಿ. ಪಟಾಕಿ ಕಸವನ್ನೂ ಗೇಟಿನಾಚೆ ಗುಡಿಸಿ ತಳ್ಳದೆ ಚೀಲಕ್ಕೆ ತುಂಬಿಡಿ, ಬೆಳಗ್ಗೆ ಬರುವ ಪೌರಕಾರ್ಮಿಕರ ಬೆನ್ನು ಸ್ವಲ್ಪ ಕಡಿಮೆ ಬಾಗುತ್ತೆ.

ಇನ್ನು ಆ ಸೋಫಾದವರು. ಅವರ ಮುಂದೆ ಎರಡು ಹೋಳು ಕಾಯಿ, ತುರಿಯುವ ಮಣೆ ಇಟ್ಟು ಬನ್ನಿ. ನಗುನಗ್ತಾನೇ ಇಡಿ.